54 ಪಾಯಿಂಟ್ ಮುಂದಿದ್ದೂ ಸೋಲುವುದು ಹೇಗೆ? ಯಾರಾದರೂ ಬಿಡಿಸಿ ಹೇಳಿ

ಅರ್ಡನ್_ಸ್ಟ್ರೀಟ್_ಅಪ್ಪ
ಮನೆಗೆ ಬಂದು ಒಂದು ಗಂಟೆ ಆಯಿತು, ಇನ್ನೂ ಶೂ ಬಿಚ್ಚಿಲ್ಲ. ಸೋಫಾ ಮೇಲೆ ಹಾಗೇ ಕೂತಿದ್ದೇನೆ.

ನೋಡದವರಿಗೆ ಹೇಳುತ್ತೇನೆ. ಇವತ್ತು (2024ರ ಜೂನ್ 16) ಮೆಲ್ಬರ್ನ್‌ನ ಮಾರ್ವೆಲ್ ಸ್ಟೇಡಿಯಮ್‌ನಲ್ಲಿ ನಮ್ಮ ನಾರ್ತ್ ಮೆಲ್ಬರ್ನ್‌ಗೂ ಕಾಲಿಂಗ್‌ವುಡ್‌ಗೂ ಫುಟಿ ಮ್ಯಾಚ್. ಅವರು ಹೋದ ವರ್ಷದ ಚಾಂಪಿಯನ್ನರು. ನಮ್ಮದು ಈ ಸೀಸನ್‌ಗೆ ಒಂದೇ ಒಂದು ಗೆಲುವು, ಅದೂ ಹೋದ ವಾರ ಪರ್ತ್‌ನಲ್ಲಿ ವೆಸ್ಟ್ ಕೋಸ್ಟ್ ಮೇಲೆ. ನನಗೇನೂ ಆಸೆ ಇರಲಿಲ್ಲ. ಒಂಬತ್ತು ವರ್ಷದ ಮಗ ಹಠ ಹಿಡಿದ ಅಂತ ಚಿತ್ರಾನ್ನ ಕಟ್ಟಿಕೊಂಡು ವೆರಿಬಿ ಟ್ರೇನ್ ಹತ್ತಿದೆ, ಅಷ್ಟೇ.

ಆಮೇಲೆ ನಮ್ಮ ಹುಡುಗರು ಆಡೋಕೆ ಶುರು ಮಾಡಿದರು ನೋಡಿ! ಗೋಲಿನ ಮೇಲೆ ಗೋಲು. ಮೂರನೇ ಕ್ವಾರ್ಟರ್‌ನಲ್ಲಿ 54 ಪಾಯಿಂಟ್ ಮುಂದೆ. ಮಗ ಬೋರ್ಡ್ ನೋಡಿ "ಅಪ್ಪ, ಒಂಬತ್ತಾರಲೆ ಐವತ್ನಾಲ್ಕು! ಒಂಬತ್ತು ಗೋಲು!" ಅಂದ. ಅವನ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಕಲಿಸಿದ ಮಗ್ಗಿ ಅದು. ಇಲ್ಲಿ ಉಪಯೋಗಕ್ಕೆ ಬಂತು ಅಂತ ಖುಷಿಪಟ್ಟೆ.

ಸೋತೆವು. ಒಂದು ಪಾಯಿಂಟ್‌ನಲ್ಲಿ.

ಸದರ್ನ್ ಕ್ರಾಸ್ ಕಡೆ ಸೇತುವೆ ಮೇಲೆ ನಡೆದು ಬರುವಾಗ ಸುತ್ತ ಎಲ್ಲ ಕಪ್ಪು-ಬಿಳಿ ಸ್ಕಾರ್ಫ್. ಮಗ ತನ್ನ ನೀಲಿ-ಬಿಳಿ ಸ್ಕಾರ್ಫ್ ಜಾಕೆಟ್ ಒಳಗೆ ತುರುಕಿಕೊಂಡ. ನನಗೆ ಸೋಲಿಗಿಂತ ಅದು ಜಾಸ್ತಿ ನೋವಾಯಿತು. ಟ್ರೇನ್‌ನಲ್ಲಿ ಒಂದು ಮಾತಿಲ್ಲ. ಇದು ಹೇಗೆ ಸಾಧ್ಯ ಅಂತ ಯಾರಾದರೂ ಹೇಳಿ. ಸಮಾಧಾನ ಬೇಡ, ಕಾರಣ ಬೇಕು.

ಹಾಸನದ_ಹುಡುಗ
ಗುರು, ನಾನೂ ಅಲ್ಲೇ ಇದ್ದೆ, ಎರಡನೇ ಲೆವೆಲ್‌ನಲ್ಲಿ. ಮೂರನೇ ಕ್ವಾರ್ಟರ್‌ನಲ್ಲಿ ಊರಿಗೆ ಫೋನ್ ಮಾಡಿ ಅಣ್ಣನಿಗೆ "ಇವತ್ತು ಗೆದ್ವಿ" ಅಂತ ಹೇಳಿಬಿಟ್ಟೆ. ತಪ್ಪು ನಂದೇ.

ಕಪ್ಪು_ಬಿಳಿ_ಕಾಗೆ
ಕಾಲಿಂಗ್‌ವುಡ್ ಅಭಿಮಾನಿ ಹಾಜರ್. ನಗೋಕೆ ಬಂದಿಲ್ಲ, ಪ್ರಮಾಣವಾಗಿ. ನಾನು ಮನೆಯಲ್ಲಿ ಟಿವಿ ಆರಿಸಿ ಪಾತ್ರೆ ತೊಳೆಯೋಕೆ ಹೋಗಿದ್ದೆ. ಪಕ್ಕದ ಮನೆಯವನು ಕೂಗಿದ್ದು ಕೇಳಿ ವಾಪಸ್ ಬಂದೆ. ಕೈ ತುಂಬ ಸೋಪು.

ಅರ್ಡನ್_ಸ್ಟ್ರೀಟ್_ಅಪ್ಪ
ನೀವು ಪಾತ್ರೆ ತೊಳೆದಿರಿ, ನಿಮ್ಮವರು ನಮ್ಮನ್ನು ತೊಳೆದರು. ಆಯ್ತಲ್ಲ.

ಬರೀ_ಕ್ರಿಕೆಟ್
ಬೆಂಗಳೂರಿಂದ ಕೇಳುತ್ತಿದ್ದೇನೆ. ಇದು ರಗ್ಬಿ ಅಲ್ವಾ? 54 ಪಾಯಿಂಟ್ ಅಂದರೆ ಜಾಸ್ತಿನಾ ಕಮ್ಮಿನಾ?

ಟಾರ್ನೀಟ್_ಮೇಷ್ಟ್ರು
ರಗ್ಬಿ ಅಂತ ಮೆಲ್ಬರ್ನ್‌ನಲ್ಲಿ ಹೇಳಬೇಡಿ, ಊಟ ಹಾಕಲ್ಲ. ಇದು ಆಸ್ಟ್ರೇಲಿಯನ್ ರೂಲ್ಸ್, ಎಲ್ಲರೂ ಫುಟಿ ಅನ್ನುತ್ತಾರೆ. ಕ್ರಿಕೆಟ್ ಆಡುವ ಅದೇ ದುಂಡನೆ ಮೈದಾನ, ಒಂದೊಂದು ಕಡೆ 18 ಜನ, ಆಫ್‌ಸೈಡ್ ಇಲ್ಲ. ನಾಲ್ಕು ಕಂಬ ಇರುತ್ತವೆ. ಮಧ್ಯದ ಎರಡು ಕಂಬದ ನಡುವೆ ಒದ್ದರೆ ಗೋಲು, ಆರು ಪಾಯಿಂಟ್. ಪಕ್ಕಕ್ಕೆ ಹೋದರೆ ಬಿಹೈಂಡ್, ಒಂದು ಪಾಯಿಂಟ್. ಅಂದರೆ ಗುರಿ ತಪ್ಪಿದರೂ ಒಂದು ಸಿಗುತ್ತದೆ. ನಮ್ಮ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಉತ್ತರ ತಪ್ಪಾದರೂ ಸೂತ್ರ ಬರೆದಿದ್ದಕ್ಕೆ ಅರ್ಧ ಮಾರ್ಕ್ಸ್ ಕೊಡುತ್ತಿದ್ದರಲ್ಲ, ಹಾಗೆ.

54 ಅಂದರೆ ಒಂಬತ್ತು ಗೋಲು. ಟಿ20ಯಲ್ಲಿ ಕೊನೆಯ ನಾಲ್ಕು ಓವರ್‌ಗೆ 80 ರನ್ ಬೇಕು ಅಂದಾಗ ಜನ ಎದ್ದು ಪಾರ್ಕಿಂಗ್ ಕಡೆ ಹೋಗುತ್ತಾರಲ್ಲ, ಹೆಚ್ಚುಕಮ್ಮಿ ಅಷ್ಟು.

ಬರೀ_ಕ್ರಿಕೆಟ್
ಓಹೋ. ಹಾಗಾದರೆ ಇದು ನಮ್ಮ ಆರ್‌ಸಿಬಿ ಕಥೆ. ಸ್ವಾಗತ, ಕೂತ್ಕೊಳ್ಳಿ.

ಪಾಯಿಂಟ್‌ಕುಕ್_ಅಕ್ಕ
ಆರ್‌ಸಿಬಿಗೆ ಹೋಲಿಸಬೇಡಿ ಮಾರಾಯ್ರೆ. ಹೋದ ತಿಂಗಳು ಮೊದಲ ಎಂಟರಲ್ಲಿ ಏಳು ಸೋತು ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದರು. ನಾರ್ತ್‌ಗೆ ಸತತ ಎರಡು ಗೆಲ್ಲೋಕೆ ಆಗ್ತಿಲ್ಲ.

ಹಾಸನದ_ಹುಡುಗ
ಅಕ್ಕ ನೀವೂ ಹೀಗೆ ಹೇಳಿದರೆ ಹೇಗೆ 😭

ಟಾರ್ನೀಟ್_ಮೇಷ್ಟ್ರು
ಅಪ್ಪನವರು ಕಾರಣ ಕೇಳಿದ್ದಾರೆ. ನನಗೆ ಕಂಡಿದ್ದು ಹೇಳುತ್ತೇನೆ, ಒಪ್ಪದಿದ್ದರೆ ಬೈಯಿರಿ.

ಈ ಆಟದಲ್ಲಿ ಗೋಲು ಹೊಡೆಸಿಕೊಂಡವರಿಗೆ ಚೆಂಡು ಸಿಗುವುದಿಲ್ಲ. ಫುಟ್‌ಬಾಲ್‌ನಲ್ಲಿ ಗೋಲು ಬಿಟ್ಟವರು ಮಧ್ಯದಿಂದ ಶುರು ಮಾಡುತ್ತಾರೆ. ಇಲ್ಲಿ ಚೆಂಡು ಮಧ್ಯಕ್ಕೆ ಬರುತ್ತದೆ, ಅಂಪೈರ್ ನೆಲಕ್ಕೆ ಬೌನ್ಸ್ ಮಾಡುತ್ತಾನೆ, ಎರಡು ಕಡೆಯ ರಕ್‌ಮನ್ (ಆ ಚೆಂಡಿಗೆ ಹಾರುವ ಎತ್ತರದ ಆಟಗಾರರು) ಹಾರುತ್ತಾರೆ, ಯಾರು ಕಿತ್ತುಕೊಂಡರೋ ಅವರದ್ದು. ಅಂದರೆ ಬೌನ್ಸ್ ಆದಾಗಲೆಲ್ಲ ಅವರೇ ಗೆದ್ದರೆ ನೀವು ಚೆಂಡು ಮುಟ್ಟುವ ಮೊದಲೇ ಮೂರು ಗೋಲು ಆಗಿಹೋಗಿರುತ್ತದೆ. ಐದು ನಿಮಿಷ ಸಾಕು.

ಇದರ ಜೊತೆಗೆ 2019ರಿಂದ 6-6-6 ನಿಯಮ ಬಂದಿದೆ. ಬೌನ್ಸ್ ಸಮಯದಲ್ಲಿ ಹಿಂದೆ ಆರು, ಮಧ್ಯ ಆರು, ಮುಂದೆ ಆರು ಜನ ನಿಲ್ಲಲೇಬೇಕು. ಮೊದಲಾದರೆ ನಾಲ್ಕು ಗೋಲು ಮುಂದಿದ್ದ ತಂಡ ಹತ್ತು ಜನರನ್ನು ಹಿಂದೆ ತುಂಬಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಈಗ ಬೌನ್ಸ್ ಹೊತ್ತಿಗೆ ಅದು ಆಗಲ್ಲ.

ಹಾಗಿದ್ದ ಮೇಲೆ ಉಳಿಯುವ ದಾರಿ ಒಂದೇ, ನಿಧಾನ ಮಾಡುವುದು. ಸಣ್ಣ ಕಿಕ್, ಮಾರ್ಕ್ (ಒದ್ದ ಚೆಂಡನ್ನು ಕ್ಯಾಚ್ ಹಿಡಿಯುವುದು), ನಿಂತು ಉಸಿರಾಡು, ಮತ್ತೆ ಪಕ್ಕದವನಿಗೆ ಸಣ್ಣ ಕಿಕ್. ಗಡಿಯಾರವನ್ನು ತಿನ್ನಬೇಕು. ಇದು ನೋಡೋಕೆ ಬೋರು, ಮಾಡೋಕೆ ಕಷ್ಟ. ಇದಕ್ಕೆ ಇನ್ನೂರು ಮ್ಯಾಚ್ ಆಡಿದ ಮೂವತ್ತರ ಗಂಡಸರು ಬೇಕು. ನಮ್ಮ ಕಡೆ ಶೀಜ಼ಲ್‌ಗೆ 19. ಮೆಕರ್ಚರ್‌ಗೆ 19. ಇಷ್ಟು ಹೊತ್ತು ಓಡಿ ಗೆಲ್ಲುತ್ತಿದ್ದವರಿಗೆ ಇದ್ದಕ್ಕಿದ್ದಂತೆ "ಓಡಬೇಡ" ಅಂದರೆ ಗಾಬರಿ ಆಗುತ್ತದೆ. ಅರ್ಧ ಓಡುತ್ತಾರೆ, ಅರ್ಧ ನಿಲ್ಲುತ್ತಾರೆ. ಎರಡೂ ಕೆಡುತ್ತದೆ.

ಅರ್ಡನ್_ಸ್ಟ್ರೀಟ್_ಅಪ್ಪ
ಮೇಷ್ಟ್ರೇ, ಇದು ಕಾರಣ. ಥ್ಯಾಂಕ್ಸ್. ಆದರೆ ಒಂದು ಮಾತು. ಕೊನೇ ಕ್ವಾರ್ಟರ್‌ನಲ್ಲಿ ನಮ್ಮ ಸೀಟಿನ ಮುಂದೆಯೇ ಒಬ್ಬ ಹುಡುಗ ನಿಂತಿದ್ದ. ಎರಡೂ ಕೈ ಮೊಣಕಾಲ ಮೇಲೆ. ಪಕ್ಕದವನು ಏನೋ ಕೂಗುತ್ತಿದ್ದ, ಇವನು ತಲೆ ಎತ್ತಲೇ ಇಲ್ಲ. ಇನ್ನೂ ನಾವೇ ಮುಂದಿದ್ದೆವು ಆಗ! ಮುಖ ನೋಡಿದರೆ ಆಗಲೇ ಸೋತವನ ಹಾಗಿತ್ತು. ನನಗೆ ಅಲ್ಲೇ ಗೊತ್ತಾಯಿತು.

ಹಳೇ_ಗಿಡುಗ
ಹಾಥಾರ್ನ್ ಕಡೆಯಿಂದ ಬಂದೆ. ನಮ್ಮದೂ ಚಿಕ್ಕ ಹುಡುಗರ ತಂಡ. ಈ ಸೀಸನ್ ಮೊದಲ ಐದು ಮ್ಯಾಚ್ ಸೋತೆವು. ಐದಕ್ಕೆ ಐದು. ನನ್ನ ಹೆಂಡತಿ ಮೆಂಬರ್‌ಶಿಪ್ ದುಡ್ಡಲ್ಲಿ ವಾಷಿಂಗ್ ಮೆಷಿನ್ ಬರ್ತಿತ್ತು ಅಂದಳು. ಈಗ ನೋಡಿ ಹೇಗೆ ಆಡುತ್ತಿದ್ದಾರೆ. ತಾಳಿ, ಬರುತ್ತದೆ.

ಹಾಸನದ_ಹುಡುಗ
ತಾಳಿ ತಾಳಿ ಅಂತ ಎಷ್ಟು ವರ್ಷ ಸಾರ್? 2020ರಲ್ಲಿ ಮೂರು ಗೆಲುವು. 2021ರಲ್ಲಿ ನಾಲ್ಕು, ಒಂದು ಡ್ರಾ. 2022ರಲ್ಲಿ ಎರಡು. 2023ರಲ್ಲಿ ಮೂರು. ನಾನು ಮೆಲ್ಬರ್ನ್‌ಗೆ ಬಂದಿದ್ದೇ 2020ರಲ್ಲಿ. ಬಂದಾಗಿಂದ ನೋಡಿದ್ದು ಇದೇ. ನನ್ನ ಮದುವೆ ಆಯಿತು, ಪಿಆರ್ ಬಂತು, ಮಗಳು ಹುಟ್ಟಿದಳು, ಇವರು ಮಾತ್ರ ಇನ್ನೂ "ರೀಬಿಲ್ಡ್" ಮಾಡುತ್ತಿದ್ದಾರೆ. ನಮ್ಮೂರಿನ ಬಸ್‌ಸ್ಟ್ಯಾಂಡ್ ಇದಕ್ಕಿಂತ ಬೇಗ ಕಟ್ಟಿದರು.

ಕಪ್ಪು_ಬಿಳಿ_ಕಾಗೆ
ಅಷ್ಟು ಟೀಮ್ ಇದ್ದಾಗ ನಾರ್ತ್ ಯಾಕೆ ಆರಿಸಿಕೊಂಡಿರಿ ಅಂತ ಕೇಳಬಹುದಾ? ಸುಮ್ನೆ ಕುತೂಹಲ.

ಹಾಸನದ_ಹುಡುಗ
ಮೊದಲು ಬಾಡಿಗೆಗೆ ಇದ್ದ ಮನೆ ಅರ್ಡನ್ ಸ್ಟ್ರೀಟ್ ಹತ್ತಿರ. ಬೆಳಗ್ಗೆ ವಾಕಿಂಗ್ ಹೋದರೆ ಪ್ರಾಕ್ಟೀಸ್ ಕಾಣಿಸುತ್ತಿತ್ತು. ಒಂದು ದಿನ ಒಬ್ಬ ಆಟಗಾರ ಬೇಲಿ ಆಚೆಯಿಂದ ಗುಡ್ ಮಾರ್ನಿಂಗ್ ಅಂದ. ಆ ವಾರ ನನಗೆ ಗುಡ್ ಮಾರ್ನಿಂಗ್ ಅಂದವನು ಅವನೊಬ್ಬನೇ. ಅಷ್ಟಕ್ಕೇ ಸಿಕ್ಕಿಹಾಕಿಕೊಂಡೆ.

ಅರ್ಡನ್_ಸ್ಟ್ರೀಟ್_ಅಪ್ಪ
ನನ್ನ ಮಗ ಕಾಂಗರೂ ಚಿತ್ರ ನೋಡಿ ಆರಿಸಿದ. ಆಗ ಅವನಿಗೆ ನಾಲ್ಕು ವರ್ಷ. ಬ್ರಿಸ್ಬೇನ್‌ನವರ ಸಿಂಹ ತೋರಿಸಿ ಒಪ್ಪಿಸಿದ್ದರೆ ಇವತ್ತು ನೆಮ್ಮದಿಯಾಗಿ ಇರುತ್ತಿದ್ದೆ.

ವೆರಿಬಿ_ವೀರ
ಎಲ್ಲರೂ ಹುಡುಗರು ಹುಡುಗರು ಅಂತಿದ್ದೀರಿ. ಅಂಪೈರ್ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ? ಕೊನೇ ಗಳಿಗೆಯಲ್ಲಿ ನಮ್ಮ ಬೇಯ್ಲಿ ಸ್ಕಾಟ್ ಮಾರ್ಕ್ ಹಿಡಿದ. ಕಾಲಿಂಗ್‌ವುಡ್‌ನವರು ಅವನು ಮಾರ್ಕ್ ಹಿಡಿದ ಜಾಗ ದಾಟಿ ನುಗ್ಗಿದರು. ಅದು ನೇರ 50 ಮೀಟರ್ ಪೆನಾಲ್ಟಿ, ಅಂದರೆ ಚೆಂಡು ಅಷ್ಟು ಮುಂದಕ್ಕೆ. ಕೊಟ್ಟಿದ್ದರೆ ಗೋಲಿಗೆ ಒದೆಯುವಷ್ಟು ಹತ್ತಿರ ಬರುತ್ತಿದ್ದ. ಗೋಲೇ ಬೇಕಾಗಿರಲಿಲ್ಲ, ಒಂದು ಬಿಹೈಂಡ್ ಆಗಿದ್ದರೂ ಡ್ರಾ! ಅಂಪೈರ್ "ಪ್ಲೇ ಆನ್" (ಆಟ ಮುಂದುವರಿಯಲಿ) ಅಂದ. ಕಣ್ಣು ಎಲ್ಲಿತ್ತೋ.

ಕಪ್ಪು_ಬಿಳಿ_ಕಾಗೆ
ಸ್ಕಾಟ್ ಲೈನ್ ಬಿಟ್ಟು ಕದಲಿದ. ಕದಲಿದರೆ ಪ್ಲೇ ಆನ್. ಮುಗೀತು.

ವೆರಿಬಿ_ವೀರ
ಅವರು ಮೊದಲು ನುಗ್ಗಿದರು, ಆಮೇಲೆ ಇವನು ಕದಲಿದ. ರೀಪ್ಲೇ ಹತ್ತು ಸಲ ನೋಡಿದ್ದೇನೆ.

ಕಪ್ಪು_ಬಿಳಿ_ಕಾಗೆ
ನಾನು ಹನ್ನೊಂದು ಸಲ ನೋಡಿದ್ದೇನೆ.

ಟಾರ್ನೀಟ್_ಮೇಷ್ಟ್ರು
ನನಗೂ ಅದು 50 ಅಂತಲೇ ಕಂಡಿತು, ಸುಳ್ಳು ಯಾಕೆ. 2021ರಿಂದ ಮಾರ್ಕ್ ಹಿಡಿದ ಜಾಗದಲ್ಲಿ ಎದುರು ನಿಂತವನು ಅಲ್ಲಾಡಲೇಬಾರದು ಅಂತ ನಿಯಮ ಇದೆ. ಮೊದಲ ಕ್ವಾರ್ಟರ್‌ನಲ್ಲಿ ಕೂದಲೆಳೆಯಷ್ಟು ಅಲ್ಲಾಡಿದರೂ ಸೀಟಿ ಊದುತ್ತಾರೆ, ಕೊನೇ ನಿಮಿಷದಲ್ಲಿ ಜಾಣಕುರುಡು. ಆದರೆ ವೀರಣ್ಣ, 54 ಪಾಯಿಂಟ್ ಕಳೆದುಕೊಂಡವರು ಒಂದು ಸೀಟಿಗೆ ಅಳುವುದು ಮನೆಯೆಲ್ಲ ಸುಟ್ಟುಹೋದ ಮೇಲೆ ಬೀಗದ ಕೈ ಹುಡುಕಿದ ಹಾಗೆ.

ವೆರಿಬಿ_ವೀರ
ಬೀಗದ ಕೈ ನಮ್ಮದೇ ಅಲ್ವಾ ಮೇಷ್ಟ್ರೇ, ಕೇಳೋದರಲ್ಲಿ ತಪ್ಪೇನು?

ಪಾಯಿಂಟ್‌ಕುಕ್_ಅಕ್ಕ
ಅಂಪೈರ್‌ಗೆ ಬೈಯೋರಿಗೆ ಒಂದು ಮಾತು. ನನ್ನ ಮಗಳು ಲೋಕಲ್ ಕ್ಲಬ್‌ನಲ್ಲಿ ಅಂಡರ್ 12 ಆಡುತ್ತಾಳೆ. ಅಲ್ಲಿ ಅಂಪೈರ್ ಆಗಿ ಬರುವುದು ಹೈಸ್ಕೂಲ್ ಮಕ್ಕಳು, ಪಾಕೆಟ್ ಮನಿಗೆ. ಹೋದ ತಿಂಗಳು ಒಬ್ಬ ಅಪ್ಪ ಬೇಲಿ ಮೇಲಿಂದ ಕೂಗಾಡಿ ಒಂದು ಹುಡುಗಿಯನ್ನು ಅಳಿಸಿಬಿಟ್ಟ. ಅವಳು ಸೀಟಿ ಕೈಗೆ ಕೊಟ್ಟು ಹೋದವಳು ಮತ್ತೆ ಬರಲಿಲ್ಲ. ಆಮೇಲೆ ಎರಡು ವಾರ ಅಂಪೈರ್ ಸಿಗದೆ ಅಮ್ಮಂದಿರೇ ನಿಂತೆವು. ಚೂಡಿದಾರ್ ಹಾಕಿಕೊಂಡು ನಾನು ಬೌಂಡರಿ ಅಂಪೈರ್! ದೊಡ್ಡವರ ಆಟದಲ್ಲಿ ಬೈಯಿರಿ, ಆದರೆ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ.

ಹಾಗೇ ಇನ್ನೊಂದು. ನಾರ್ತ್ ಅಂದರೆ ಬರೀ ಸೋಲು ಅಂತೀರಲ್ಲ, ಮಹಿಳಾ ತಂಡ ಹೋದ ವರ್ಷ ಗ್ರ್ಯಾಂಡ್ ಫೈನಲ್‌ಗೆ ಹೋಗಿತ್ತು. ಎಷ್ಟು ಜನ ನೋಡೋಕೆ ಹೋಗಿದ್ದಿರಿ? ಕೈ ಎತ್ತಿ.

ಹಾಸನದ_ಹುಡುಗ
🙋‍♂️ ಹೋಗಿದ್ದೆ. ಅದೂ ಸೋತೆವು. ನಾನು ಹೋದದ್ದೇ ತಪ್ಪೇನೋ.

ಪಾಯಿಂಟ್‌ಕುಕ್_ಅಕ್ಕ
ಇನ್ನು ಮೇಲೆ ನೀವು ಮನೆಯಲ್ಲೇ ಇರಿ ತಮ್ಮಾ.

ಹಳೇ_ಗಿಡುಗ
ನಿಮ್ಮ ನಾರ್ತ್ ಕೋಚ್ ಕ್ಲಾರ್ಕ್‌ಸನ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಹಳೇ ಕೋಚ್ ಅವರು. 2008, 2013, 2014, 2015, ನಾಲ್ಕು ಕಪ್ ಗೆದ್ದುಕೊಟ್ಟವರು. ಅವರಿಗೆ ಮುಂದಿದ್ದಾಗ ಆಟ ಮುಗಿಸುವುದು ಗೊತ್ತಿಲ್ಲ ಅಂತ ನಾನು ಒಪ್ಪಲ್ಲ.

ವೆರಿಬಿ_ವೀರ
ಆಗ ಅವರ ಹತ್ತಿರ ಹಾಜ್, ಮಿಚೆಲ್, ರಫ್‌ಹೆಡ್ ಇದ್ದರು. ಒಳ್ಳೇ ಅಕ್ಕಿ ಕೊಟ್ಟರೆ ಯಾರು ಬೇಕಾದರೂ ಅನ್ನ ಮಾಡುತ್ತಾರೆ.

ಹಳೇ_ಗಿಡುಗ
ಮಾಡಿ ತೋರಿಸಿ. ನಮ್ಮ ಮನೇಲಿ ಒಳ್ಳೇ ಸೋನಾ ಮಸೂರಿ ಇದೆ, ನಾನು ಮಾಡಿದರೆ ಗಂಜಿ ಆಗುತ್ತೆ.

ಬರೀ_ಕ್ರಿಕೆಟ್
ಒಂದು ಡೌಟು. ಇಷ್ಟು ಸೋತರೆ ಮಾಲೀಕ ಹೋಗಿ ಹರಾಜಲ್ಲಿ ದೊಡ್ಡ ಆಟಗಾರರನ್ನ ತರಬಹುದಲ್ವಾ?

ಟಾರ್ನೀಟ್_ಮೇಷ್ಟ್ರು
ಮಾಲೀಕ ಇಲ್ಲ, ಹರಾಜೂ ಇಲ್ಲ. ನಾರ್ತ್ ಕ್ಲಬ್ ಸದಸ್ಯರದ್ದು. ಎಲ್ಲ ತಂಡಕ್ಕೂ ಸಂಬಳದ ಮೇಲೆ ಒಂದೇ ಮಿತಿ. ಹೊಸಬರು ಬರುವುದು ಡ್ರಾಫ್ಟ್‌ನಿಂದ. 18 ವರ್ಷದ ಹುಡುಗರ ಪಟ್ಟಿ, ಕೊನೇ ಸ್ಥಾನದವರಿಗೆ ಮೊದಲ ಆಯ್ಕೆ. ಸೋತವರಿಗೆ ಒಳ್ಳೇ ಹುಡುಗ ಸಿಗುತ್ತಾನೆ, ಮುಂದೆ ಸರಿಹೋಗುತ್ತದೆ ಅನ್ನುವ ಲೆಕ್ಕ.

ನಮ್ಮ ಲೆಕ್ಕ ಹೇಗಾಯಿತು ಕೇಳಿ. 2021ರಲ್ಲಿ ಮೊದಲ ಆಯ್ಕೆಯಲ್ಲಿ ಹಾರ್ನ್-ಫ್ರಾನ್ಸಿಸ್‌ನನ್ನು ತಂದೆವು. ಒಂದೇ ವರ್ಷ. ಊರು ನೆನಪಾಗುತ್ತೆ ಅಂತ ಪೋರ್ಟ್ ಅಡಿಲೇಡ್‌ಗೆ ಹೊರಟ. ಅವನನ್ನು ಬಿಟ್ಟಿದ್ದಕ್ಕೆ ಬಂದ ಆಯ್ಕೆಗಳಲ್ಲಿ ಶೀಜ಼ಲ್, ವಾರ್ಡ್‌ಲಾ ಸಿಕ್ಕರು. ಶೀಜ಼ಲ್ ಮೊದಲ ವರ್ಷವೇ ರೈಸಿಂಗ್ ಸ್ಟಾರ್ (ವರ್ಷದ ಅತ್ಯುತ್ತಮ ಯುವ ಆಟಗಾರ) ಆದ, ಅದಕ್ಕೆ ಹೊಟ್ಟೆ ತಣ್ಣಗಿದೆ.

ಹೋದ ವರ್ಷದ್ದು ಇನ್ನೂ ಮಜಾ. ಸತತ 20 ಸೋತು ಕೊನೇ ಮ್ಯಾಚ್‌ಗೆ ಬಂದೆವು. ಅದನ್ನೂ ಸೋತಿದ್ದರೆ ಕೊನೇ ಸ್ಥಾನ, ಮೊದಲ ಆಯ್ಕೆ, ಹಾರ್ಲಿ ರೀಡ್ ನಮ್ಮವನು. ನಮ್ಮವರು ಏನು ಮಾಡಿದರು? ಹೋಬಾರ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ಮೇಲೆ ಗೆದ್ದುಬಿಟ್ಟರು! ರೀಡ್ ವೆಸ್ಟ್ ಕೋಸ್ಟ್‌ಗೆ ಹೋದ.

ಬರೀ_ಕ್ರಿಕೆಟ್
ಅಂದರೆ ಸೋಲಬೇಕಾದಾಗ ಗೆಲ್ತಾರೆ, ಗೆಲ್ಲಬೇಕಾದಾಗ ಸೋಲ್ತಾರೆ. 👏👏

ಅರ್ಡನ್_ಸ್ಟ್ರೀಟ್_ಅಪ್ಪ
ಆ ಹೋಬಾರ್ಟ್ ಗೆಲುವಿನ ಬಗ್ಗೆ ನಗಬೇಡಿ. ಅವತ್ತು ನನ್ನ ಮಗ ಟಿವಿ ಮುಂದೆ ಕ್ಲಬ್ ಹಾಡು ಹೇಳಿಕೊಂಡು ಕುಣಿದ. 20 ಸೋಲು ಆದ ಮೇಲೆ ಮೊದಲ ಸಲ ಹಾಡುವ ಅವಕಾಶ. ಅವನಿಗೆ ಹಾರ್ಲಿ ರೀಡ್ ಯಾರು ಅಂತ ಗೊತ್ತೂ ಇರಲಿಲ್ಲ. ನಮ್ಮವರು ಸೋಲಲಿ ಅಂತ ಬಯಸು ಎಂದು ಯಾರಾದರೂ ಅವನಿಗೆ ಹೇಳೋಕೆ ಆಗುತ್ತಾ? ನನ್ನ ಕೈಲಿ ಆಗಲ್ಲ.

ಬರೀ_ಕ್ರಿಕೆಟ್
ಸಾರಿ ಸಾರ್. ಅದು ನಿಜ.

ಅಜ್ಜನ_ಫುಟಿ
ನಾನು 1990ರಿಂದ ಇಲ್ಲಿದ್ದೇನೆ. ನೀವೆಲ್ಲ ಹೊಸಬರು. 2001ರಲ್ಲಿ ಎಸೆಂಡನ್ ಮೇಲೆ ನಾರ್ತ್ 69 ಪಾಯಿಂಟ್ ಮುಂದಿತ್ತು. ಹೌದು, ಅರವತ್ತೊಂಬತ್ತು. ಸೋತೆವು. ಎಎಫ್‌ಎಲ್ (ಈ ಫುಟಿ ಲೀಗ್) ಇತಿಹಾಸದಲ್ಲೇ ಅದಕ್ಕಿಂತ ದೊಡ್ಡ ಕಮ್‌ಬ್ಯಾಕ್ ಇಲ್ಲ. ಆಗ ನಮ್ಮದು ಚಿಕ್ಕ ಹುಡುಗರ ತಂಡ ಅಲ್ಲ. 1996, 1999 ಎರಡು ಕಪ್ ಗೆದ್ದ, ವೇಯ್ನ್ ಕ್ಯಾರಿ ಕ್ಯಾಪ್ಟನ್ ಆಗಿದ್ದ ಕಾಲದ ತಂಡ. ಹಾಗಾಗಿ ವಯಸ್ಸಿನ ಮೇಲೆ ಹಾಕಬೇಡಿ ಮೇಷ್ಟ್ರೇ. ಮಧ್ಯದ ಬೌನ್ಸ್ ಕೈಬಿಟ್ಟರೆ ಮುದುಕರೂ ಮುಳುಗುತ್ತಾರೆ.

ಟಾರ್ನೀಟ್_ಮೇಷ್ಟ್ರು
ಅಜ್ಜ, ಒಪ್ಪಿದೆ. ವಯಸ್ಸು ಅರ್ಧ ಕಾರಣ, ಬೌನ್ಸ್ ಅರ್ಧ. ನನ್ನ ಉತ್ತರ ತಿದ್ದಿಕೊಳ್ಳುತ್ತೇನೆ.

ಹಾಸನದ_ಹುಡುಗ
69?? ಇದನ್ನ 2020ರಲ್ಲೇ ಹೇಳಿದ್ದರೆ ಮನೆ ಬದಲಾಯಿಸುತ್ತಿದ್ದೆ.

ಕಪ್ಪು_ಬಿಳಿ_ಕಾಗೆ
ನಿಮಗೆ ಸಮಾಧಾನ ಆಗಲಿ ಅಂತ ನಮ್ಮ ಗಾಯ ತೋರಿಸುತ್ತೇನೆ. 1970ರ ಗ್ರ್ಯಾಂಡ್ ಫೈನಲ್. ಎಂಸಿಜಿಯಲ್ಲಿ 1,21,696 ಜನ. ಅರ್ಧ ಆಟಕ್ಕೆ ನಾವು ಕಾರ್ಲ್‌ಟನ್ ಮೇಲೆ 44 ಪಾಯಿಂಟ್ ಮುಂದೆ. ಸೋತೆವು. ನನ್ನ ಆಫೀಸಿನಲ್ಲಿ ಒಬ್ಬ ಹಿರಿಯ ಇದ್ದಾನೆ, ಆಗ ಹುಡುಗ, ಅಪ್ಪನ ಜೊತೆ ಹೋಗಿದ್ದನಂತೆ. ಕಾರ್ಲ್‌ಟನ್ ಅನ್ನುವ ಪದ ಬಂದರೆ ಇವತ್ತಿಗೂ ಟೀ ಲೋಟ ಕೆಳಗಿಡುತ್ತಾನೆ.

ಅಲ್ಲಿಂದ ಹೋದ ವರ್ಷಕ್ಕೆ ಬನ್ನಿ. ಫೈನಲ್ಸ್‌ನಲ್ಲಿ ಮೆಲ್ಬರ್ನ್ ಮೇಲೆ 7 ಪಾಯಿಂಟ್, ಜಿಡಬ್ಲ್ಯುಎಸ್ ಮೇಲೆ 1, ಬ್ರಿಸ್ಬೇನ್ ಮೇಲೆ 4. ಮೂರೂ ಸೇರಿ 12 ಪಾಯಿಂಟ್, ಅಂದರೆ ಎರಡು ಗೋಲಿನಲ್ಲಿ ಕಪ್ ಬಂತು. ಇದು ಅದೃಷ್ಟ ಅಲ್ಲ. ಕೊನೇ ಐದು ನಿಮಿಷಕ್ಕೆ ಯಾರು ಎಲ್ಲಿ ನಿಲ್ಲಬೇಕು ಅಂತ ಪ್ರಾಕ್ಟೀಸ್ ಮಾಡುತ್ತಾರೆ. ನಿಮ್ಮವರಿಗೆ ಮುಂದಿದ್ದು ಅಭ್ಯಾಸವೇ ಇಲ್ಲ, ಮುಂದಿರುವಾಗ ಏನು ಮಾಡಬೇಕು ಅಂತ ಎಲ್ಲಿ ಪ್ರಾಕ್ಟೀಸ್ ಮಾಡ್ತಾರೆ?

ವೆರಿಬಿ_ವೀರ
ಇದು ಸಮಾಧಾನನಾ ಜಂಬನಾ?

ಕಪ್ಪು_ಬಿಳಿ_ಕಾಗೆ
ಎರಡೂ ಸ್ವಲ್ಪ ಸ್ವಲ್ಪ.

ಅರ್ಡನ್_ಸ್ಟ್ರೀಟ್_ಅಪ್ಪ
ಕಾಗೆ ಹೇಳಿದ್ದು ಸರಿ ಅಂತ ಒಪ್ಪೋಕೆ ಹೊಟ್ಟೆ ಉರಿಯುತ್ತೆ, ಆದರೆ ಸರಿ. 80 ಪಾಯಿಂಟ್‌ನಲ್ಲಿ ಸೋತು ಬಂದ ದಿನ ನಾನು ಆರಾಮಾಗಿ ಊಟ ಮಾಡಿ ಮಲಗುತ್ತಿದ್ದೆ. ಸೋಲು ನನಗೆ ಅಭ್ಯಾಸ. ಇವತ್ತು ಎರಡು ಗಂಟೆ ಹೊತ್ತು ನಾವೂ ಒಳ್ಳೇ ತಂಡ ಅಂತ ನಂಬಿಸಿಬಿಟ್ಟರು. ಮೆಕರ್ಚರ್ ಓಡುವುದು ನೋಡಿ ಮುಂದಿನ ಐದು ವರ್ಷದ ಕನಸು ಕಂಡುಬಿಟ್ಟೆ, ಕೂತಲ್ಲೇ. ಅದನ್ನು ಕೊಟ್ಟು ಕಿತ್ತುಕೊಂಡರಲ್ಲ, ಅದಕ್ಕೇ ಶೂ ಬಿಚ್ಚೋಕೆ ಆಗ್ತಿಲ್ಲ.

ಪಾಯಿಂಟ್‌ಕುಕ್_ಅಕ್ಕ
ಮೊದಲು ಶೂ ಬಿಚ್ಚಿ ಕಾಲು ಬಿಸಿನೀರಲ್ಲಿ ಇಡಿ. ಮಗು ಊಟ ಮಾಡಿತಾ?

ಅರ್ಡನ್_ಸ್ಟ್ರೀಟ್_ಅಪ್ಪ
ಎರಡು ದೋಸೆ ತಿಂದ. ಈಗ ಹಿತ್ತಲಲ್ಲಿ ಟಾರ್ಚ್ ಹಾಕಿಕೊಂಡು ಬಾಲ್ ಒದೆಯುತ್ತಿದ್ದಾನೆ. ಬಟ್ಟೆ ಒಣಗಿಸುವ ಎರಡು ಕಂಬದ ಮಧ್ಯೆ. ಬಾಯಲ್ಲಿ ಕಾಮೆಂಟರಿ ಬೇರೆ. ಸ್ಕಾಟ್‌ಗೆ 50 ಮೀಟರ್ ಕೊಟ್ಟುಬಿಟ್ಟಿದ್ದಾನೆ.

ವೆರಿಬಿ_ವೀರ
ನೋಡಿ! ಮಗುವಿಗೂ ಗೊತ್ತಾಯಿತು!

ಕಪ್ಪು_ಬಿಳಿ_ಕಾಗೆ
ಗೋಲು ಆಯಿತಾ?

ಅರ್ಡನ್_ಸ್ಟ್ರೀಟ್_ಅಪ್ಪ
ಬಿಹೈಂಡ್. ಡ್ರಾ.

ಇನ್ನೊಂದು ತಾಪತ್ರಯ. ಸ್ಕಾರ್ಫ್ ಜಾಕೆಟ್ ಒಳಗೆ ತುರುಕಿಕೊಂಡ ಅಂದೆನಲ್ಲ, ಅಲ್ಲೇ ಚಿತ್ರಾನ್ನದ ಡಬ್ಬಿ ಇತ್ತು, ಮುಚ್ಚಳ ಸಡಿಲ. ಬಿಳಿ ಪಟ್ಟಿಯೆಲ್ಲ ಅರಿಶಿನ. ಒಂದು ಸಲ ಒಗೆದೆ, ಹೋಗಿಲ್ಲ. ಏನಾದರೂ ಉಪಾಯ ಇದೆಯಾ?

ಪಾಯಿಂಟ್‌ಕುಕ್_ಅಕ್ಕ
ನಿಂಬೆಹಣ್ಣು ಉಜ್ಜಿ ಬಿಸಿಲಿಗೆ ಹಾಕಿ. ಅರಿಶಿನದ ಕಲೆ ಬಿಸಿಲಿಗೆ ತಾನಾಗೇ ಹೋಗುತ್ತೆ.

ಅರ್ಡನ್_ಸ್ಟ್ರೀಟ್_ಅಪ್ಪ
ಜೂನ್ ತಿಂಗಳಲ್ಲಿ ಮೆಲ್ಬರ್ನ್‌ನಲ್ಲಿ ಬಿಸಿಲು ಎಲ್ಲಿಂದ ತರಲಿ ಅಕ್ಕ?

ಹಳೇ_ಗಿಡುಗ
ಹಾಗೇ ಬಿಡಿ. ಅರಿಶಿನದ ಹಳದಿ ಜೊತೆಗೆ ಒಂಚೂರು ಕಂದು ಬಿದ್ದರೆ ಹಾಥಾರ್ನ್ ಸ್ಕಾರ್ಫ್ ಆಗುತ್ತೆ.

ಅರ್ಡನ್_ಸ್ಟ್ರೀಟ್_ಅಪ್ಪ
ನಿಂಬೆಹಣ್ಣು ತರೋಕೆ ಹೊರಟೆ. ಹೇಗೂ ಶೂ ಹಾಕಿಕೊಂಡೇ ಇದ್ದೇನೆ.